ಬರೀ ಕಲ್ಲು ಬೀಸಿದ ಸದ್ದು

ಹಳೇ ಗಾಡಿಯ ಸದ್ದು ಯಾವತ್ತು ಶುರುವಾಯಿತು ಅಂತ ಯಾರೂ ಸರಿಯಾಗಿ ಹೇಳಲಾರರು. ಅದು ಹೇಳದೆ ಕೇಳದೆ ಬಂದ ದೂರದ ನೆಂಟನ ಹಾಗೆ. ನಮ್ಮ ಗಮನಕ್ಕೆ ಬರುವ ಹೊತ್ತಿಗೆ ಮೂಲೆಯಲ್ಲಿ ಹದಿನೈದು ದಿನ ಉಂಡು ಮಲಗಿ ಆಗಿರುತ್ತದೆ.

ನನ್ನ ಗಮನಕ್ಕೆ ಬಂದಿದ್ದು 2023ರ ಬೇಸಿಗೆಯಲ್ಲಿ. ಅಮ್ಮನನ್ನು ಊರಿನಿಂದ ಕರೆದುಕೊಂಡು ಕನಕಪುರ ರಸ್ತೆಯಲ್ಲಿ ಬೆಂಗಳೂರಿಗೆ ಬರುತ್ತಿದ್ದೆ. ಗಾಡಿ 2004ರ ಮಾಡೆಲ್, ಪುಟ್ಟ ಹ್ಯಾಚ್‌ಬ್ಯಾಕ್. ಯಾವ ಕಂಪನಿ ಅಂತ ಹೇಳುವುದಿಲ್ಲ. ಇಷ್ಟು ವರ್ಷ ದುಡಿದ ಗಾಡಿಯ ಮೇಲೆ ಚಾಡಿ ಹೇಳಿದ ಹಾಗಾಗಬಾರದು. 15 ವರ್ಷ ತುಂಬಿದಾಗ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಇನ್ನೂ 5 ವರ್ಷದ ಆಯಸ್ಸು ಬರೆಸಿಕೊಂಡು ಬಂದಿದ್ದೆ.

ಅಮ್ಮ ಯಾವತ್ತೂ ಹಿಂದಿನ ಸೀಟಲ್ಲಿ, ಎಡಗಡೆ. ಮುಂದೆ ಕೂತರೆ ಎದುರಿಗೆ ಬರುವ ಲಾರಿಗಳೆಲ್ಲ ತನ್ನ ಮೈಮೇಲೇ ಬರುತ್ತವೆ ಅಂತ ಭಯ. ಹಾರೋಹಳ್ಳಿ ದಾಟಿ ಗಾಡಿ 60ಕ್ಕೆ ಬಂದಿತ್ತು. ರೇಡಿಯೊ ಆಫ್ ಆಗಿತ್ತು.

"ಏನೋ ಅದು, ಬರೀ ಕಲ್ಲು ಬೀಸಿದಂಗೆ ಸದ್ದು ಬತ್ತದೆ?" ಅಂದಳು.

"ರಸ್ತೆ ಸದ್ದು ಕಣಮ್ಮ."

"ನನ್ ಕಾಲ್ ಕೆಳಗೆ ಬತ್ತದೆ ಕಣಪ್ಪ."

ನಾನು ರೇಡಿಯೊ ಹಾಕಿದೆ.

ಆಮೇಲೆ ಮೂರು ತಿಂಗಳು, ಎರಡು ಟೈರು, ಒಂದು ಬೇರಿಂಗು ಮತ್ತು ಲೆಕ್ಕವಿಲ್ಲದಷ್ಟು ಭಾನುವಾರಗಳು ಖರ್ಚಾದವು. ಅಮ್ಮ ಆಡಿದ ಆ ಎರಡು ವಾಕ್ಯದಲ್ಲಿ ಬೇಕಾದ್ದೆಲ್ಲ ಇತ್ತು. ಸದ್ದು ಎಂಥದ್ದು, ಎಲ್ಲಿಂದ ಬರುತ್ತಿದೆ, ಎರಡೂ. ಆದರೆ ಅಮ್ಮನಿಗೆ ಕಾರಿನ ಬಗ್ಗೆ ಏನು ಗೊತ್ತು, ಅಲ್ವಾ?

ಗಾಡಿಯ ಸದ್ದು ಕೇಳಿಸಿದ ತಕ್ಷಣ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಏನು ಹೋಗಿದೆ ಅಂತ ಯೋಚಿಸಲು ಶುರು ಮಾಡಿದೆ. ಟೈರ್ ಇರಬಹುದು. ಗೇರ್ ಬಾಕ್ಸ್ ಇದ್ದರೆ ಸತ್ತೆ. ಆಕ್ಸಲ್ಲಾ? ಡಿಫರೆನ್ಷಿಯಲ್ಲಾ? ಹೀಗೆ ಬಿಡಿಭಾಗಗಳ ಹೆಸರು ಜಪಿಸುವುದು ಅಂದರೆ ಜ್ವರ ಬಂದಾಗ ಇಂಟರ್ನೆಟ್ಟಿನಲ್ಲಿ ರೋಗಗಳ ಹೆಸರು ಓದಿದ ಹಾಗೆ. ಪ್ರತಿಯೊಂದೂ ನಮಗೇ ಇದೆ ಅನ್ನಿಸುತ್ತದೆ.

ಟೈರ್ ಅಂಗಡಿಯಲ್ಲಿ ಕೇಳಿದರೆ ಟೈರ್ ಅಂದರು. ಅವರ ತಪ್ಪಲ್ಲ, ಟೈರ್ ಅಂಗಡಿಯಲ್ಲಿ ಮತ್ತೇನು ಹೇಳುತ್ತಾರೆ. ಮುಂದಿನ ಟೈರುಗಳ ಅಂಚು ಗರಗಸದ ಹಲ್ಲಿನ ಹಾಗೆ ಸವೆದಿದ್ದೂ ನಿಜ. ಅಲೈನ್‌ಮೆಂಟ್ ಕೆಟ್ಟರೆ ಹಾಗೆ ಸವೆಯುತ್ತದೆ, ಹಾಗೆ ಸವೆದ ಟೈರು ಗುಂಯ್‌ಗುಡುವುದೂ ನಿಜ. ಎರಡು ಹೊಸ ಟೈರ್ ಹಾಕಿಸಿದೆ. ಎಂಟು ಸಾವಿರ ಚಿಲ್ಲರೆ. ಗಾಡಿ ಮೊದಲಿಗಿಂತ ಚೆನ್ನಾಗಿ ಓಡಿತು. ಸದ್ದೂ ಮೊದಲಿಗಿಂತ ಚೆನ್ನಾಗಿ ಕೇಳಿಸಿತು.

ದುಡ್ಡು ಕೊಟ್ಟ ಮೇಲೆ ಹೊಳೆದ ವಿಷಯ ಇದು. ಟೈರಿನ ಸದ್ದೋ ಅಲ್ಲವೋ ಅಂತ ತಿಳಿಯಲು ಬೆಂಗಳೂರಿನವರಿಗೆ ಪುಕ್ಕಟೆ ಪರೀಕ್ಷೆ ಇದೆ. ಅದೇ ವೈಟ್ ಟಾಪಿಂಗ್. ಡಾಂಬರ್ ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಗಾಡಿ ಹತ್ತಿದ ಕ್ಷಣವೇ ಟೈರಿನ ಸದ್ದು ಬದಲಾಗುತ್ತದೆ. ಕಾಂಕ್ರೀಟಿನ ಮೇಲೆ ಗೀರು ಎಳೆದಿರುತ್ತಾರೆ, ಅದು ಟೈರಿಗೆ ಬೇರೆಯದೇ ರಾಗ ಕೊಡುತ್ತದೆ. ಗಾಡಿಯ ಒಳಗಿನ ಸದ್ದಿಗೆ ಕೆಳಗೆ ಯಾವ ರಸ್ತೆ ಇದೆ ಅನ್ನುವುದು ಬೇಕಿಲ್ಲ. ವೇಗ ಅದೇ ಇದ್ದರೆ ಸ್ವರವೂ ಅದೇ. ನನ್ನ ಗುಂಯ್ ಡಾಂಬರಿನಿಂದ ಕಾಂಕ್ರೀಟಿಗೆ ಹೋಗುವಾಗ ಚೂರೂ ಬದಲಾಗಲಿಲ್ಲ. ಈ ಪರೀಕ್ಷೆಯನ್ನು ಒಂದು ವಾರ ಮುಂಚೆ ಮಾಡಿದ್ದರೆ ಎಂಟು ಸಾವಿರ ಉಳಿಯುತ್ತಿತ್ತು. ಮುಂದಿನ ಟೈರನ್ನು ಹಿಂದೆ, ಹಿಂದಿನದನ್ನು ಮುಂದೆ ಹಾಕಿ ನೋಡಿದ್ದರೂ ಸಾಕಿತ್ತು. ಟೈರಿನ ಸದ್ದಾದರೆ ಟೈರಿನ ಜತೆಗೇ ಜಾಗ ಬದಲಿಸುತ್ತದೆ.

ಅದೇ ದಿನಗಳಲ್ಲಿ ಇನ್ನೊಂದು ಸದ್ದೂ ಸೇರಿಕೊಂಡಿತ್ತು. ನಿಧಾನವಾಗಿ ಹೋಗುವಾಗ ಟಿಕ್, ಟಿಕ್, ಟಿಕ್. ವೇಗ ಹೆಚ್ಚಿದರೆ ಟಿಕಟಿಕ. ಮುಂದಿನ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಸಾಗಿಸುವ ಸಿ.ವಿ. ಜಾಯಿಂಟ್ ಹೋಯಿತು ಅಂತ ಎರಡು ರಾತ್ರಿ ನಿದ್ದೆಗೆಟ್ಟೆ. ಮೂರನೇ ದಿನ ಬೆಳಗ್ಗೆ ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು ಕಂಡಿತು. ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿದೆ, ಹಾರಿ ಚರಂಡಿಗೆ ಬಿತ್ತು. ಇಷ್ಟು ಕಮ್ಮಿ ಖರ್ಚಿನ ರಿಪೇರಿ ನನ್ನ ಜೀವನದಲ್ಲಿ ಮತ್ತೆ ಆಗಿಲ್ಲ.

ಗ್ಯಾರೇಜು ನಡೆಸುವವರನ್ನು ನಾನು ಭಾಯ್ ಅಂತ ಕರೆಯುತ್ತೇನೆ, ಅವರು ನನ್ನನ್ನು ಸಾರ್ ಅನ್ನುತ್ತಾರೆ. ಹದಿಮೂರು ವರ್ಷದ ಪರಿಚಯ. ವಿಲ್ಸನ್ ಗಾರ್ಡನ್ನಿನ ಹಿಂದಿನ ಬೀದಿಯೊಂದರಲ್ಲಿ ಶೆಡ್ಡು. ಹೋಗಿ, "ಭಾಯ್, ಗುಂಯ್ ಅಂತ ಸೌಂಡ್ ಬರ್ತಿದೆ" ಅಂದೆ.

"ಯಾವಾಗ ಬರುತ್ತೆ ಸಾರ್?"

"ಓಡಿಸುವಾಗ."

ಅವರು ನನ್ನ ಮುಖ ನೋಡಿ ನಕ್ಕರು. ಪಕ್ಕದಲ್ಲಿ ಪಾನ, ಅಂದರೆ ಸ್ಪ್ಯಾನರ್ ಹಿಡಿದುಕೊಂಡು ನಿಂತಿದ್ದ ಹುಡುಗನೂ ನಕ್ಕ. "ಓಡಿಸದೆ ಇರುವಾಗ ಬಂದ್ರೆ ಮಂತ್ರವಾದಿ ಹತ್ರ ಹೋಗ್ಬೇಕು ಸಾರ್. ಎಷ್ಟು ಸ್ಪೀಡಲ್ಲಿ? ಕ್ಲಚ್ ಒತ್ತಿದ್ರೆ ಹೋಗುತ್ತಾ? ನ್ಯೂಟ್ರಲ್ ಮಾಡಿದ್ರೆ? ತಿರುಗಿಸುವಾಗ ಜಾಸ್ತಿ ಆಗುತ್ತಾ?"

ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಹೋಂವರ್ಕ್ ಮಾಡದೆ ಬಂದ ಹುಡುಗನ ಹಾಗೆ ತಲೆ ತಗ್ಗಿಸಿ ಬಂದೆ.

ಹೀಗೆ ಶುರುವಾಯಿತು ನನ್ನ ಭಾನುವಾರದ ಓದು. ಬೆಳಗ್ಗೆ ಆರಕ್ಕೆ, ಊರು ಇನ್ನೂ ಕಾಫಿ ಕುಡಿಯುವ ಮುಂಚೆ, ಖಾಲಿ ರಸ್ತೆ ಹುಡುಕಿಕೊಂಡು ಹೋಗುವುದು. ಕಿಟಕಿ ಒಮ್ಮೆ ಇಳಿಸಿ, ಒಮ್ಮೆ ಏರಿಸಿ ಕೇಳುವುದು.

ಮೊದಲ ಪ್ರಶ್ನೆ ಒಂದೇ. ಸದ್ದು ಎಂಜಿನ್ನಿನ ಜತೆ ಓಡುತ್ತಿದೆಯೋ, ಚಕ್ರದ ಜತೆ ಓಡುತ್ತಿದೆಯೋ? ಇದನ್ನು ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ. 50ರ ವೇಗದಲ್ಲಿ ಮೂರನೇ ಗೇರಲ್ಲಿ ಒಮ್ಮೆ ಹೋಗಿ, ಅದೇ 50ರಲ್ಲಿ ಐದನೇ ಗೇರಲ್ಲಿ ಇನ್ನೊಮ್ಮೆ ಹೋಗಿ. ಎಂಜಿನ್ ಸುತ್ತುವ ವೇಗ ಬದಲಾಗಿರುತ್ತದೆ, ಚಕ್ರದ್ದು ಬದಲಾಗಿರುವುದಿಲ್ಲ. ಸದ್ದಿನ ಸ್ವರವೂ ಬದಲಾಗದಿದ್ದರೆ ಎಂಜಿನ್ ಮೇಲಿನ ಅನುಮಾನ ಬಿಡಬಹುದು. ಆಮೇಲೆ ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಸುಮ್ನೆ ಉರುಳಲು ಬಿಡಬೇಕು. ಎಂಜಿನ್ ಮಾತ್ರ ಆಫ್ ಮಾಡಬಾರದು. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ, ಪವರ್ ಸ್ಟಿಯರಿಂಗ್ ಭಾರವಾಗುತ್ತದೆ, ಕೀ ಪೂರ್ತಿ ತಿರುಗಿಸಿದರೆ ಸ್ಟಿಯರಿಂಗ್ ಲಾಕೇ ಆಗಿಬಿಡಬಹುದು. ನ್ಯೂಟ್ರಲ್‌ನಲ್ಲೂ ಸದ್ದು ಹಾಗೇ ಇದ್ದರೆ ಟೈರು, ಚಕ್ರದ ಬೇರಿಂಗು, ಇಲ್ಲವೇ ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್. ಡಿಫರೆನ್ಷಿಯಲ್ಲಿನ ಹಲ್ಲು ಸವೆದು ಬರುವ ಸದ್ದಾದರೆ ಆಕ್ಸಿಲರೇಟರ್ ಒತ್ತುವುದು, ಬಿಡುವುದು ಅದಕ್ಕೆ ಗೊತ್ತಾಗುತ್ತದೆ. ಒತ್ತಿದಾಗ ಒಂದು ಥರ ಅಳುತ್ತದೆ, ಬಿಟ್ಟಾಗ ಇನ್ನೊಂದು ಥರ.

ನಿಂತ ಗಾಡಿಯಲ್ಲೇ ಮಾಡುವ ಪರೀಕ್ಷೆಯೂ ಇದೆ. ನನಗೆ ಬಹಳ ಇಷ್ಟವಾದದ್ದು ಅದು. ಎಂಜಿನ್ ಆನ್, ಗಾಡಿ ನ್ಯೂಟ್ರಲ್, ಕಾಲು ಕ್ಲಚ್ ಮೇಲಿಲ್ಲ. ಈಗ ಗೊರಗೊರ ಬರುತ್ತಿದ್ದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಕಣ್ಣಿಡಿ. ಕ್ಲಚ್ ಒತ್ತಿದರೆ ಆ ಶಾಫ್ಟಿಗೂ ಎಂಜಿನ್ನಿಗೂ ಸಂಬಂಧ ತಪ್ಪಿ ಅದು ನಿಲ್ಲುತ್ತದೆ, ಅದಕ್ಕೇ ಮೌನ. ಉಲ್ಟಾ ಆಗಿ, ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಒಂದು ಕಾಲು, ಒಂದು ಪೆಡಲ್, ಎರಡು ಉತ್ತರ. ಈಗಿನ ಹುಡುಗರು ಗಾಡಿಗೆ ಸ್ಕ್ಯಾನರ್ ಚುಚ್ಚಿ ನೋಡುತ್ತಾರೆ. ಸೆನ್ಸರ್ ಇರುವ ಜಾಗದ ಸುದ್ದಿ ಸ್ಕ್ಯಾನರ್ ಹೇಳುತ್ತದೆ. ನನ್ನ ಗಾಡಿಯ ಬೇರಿಂಗಿಗೆ ಸೆನ್ಸರ್ ಇಲ್ಲ, ಬಾಯಿ ಮಾತ್ರ ಇದೆ.

ಸಿ.ವಿ. ಜಾಯಿಂಟಿನ ಪರೀಕ್ಷೆಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಗಿಂತ ಒಳ್ಳೆ ಜಾಗ ಇಲ್ಲ. ಸ್ಟಿಯರಿಂಗನ್ನು ಕೊನೆಯ ತನಕ ತಿರುಗಿಸಿ, ಮೊದಲನೇ ಗೇರಲ್ಲಿ ನಿಧಾನವಾಗಿ ಎಳೆಸಬೇಕು. ಜಾಯಿಂಟ್ ಸವೆದಿದ್ದರೆ ಟಕಟಕಟಕ ಅಂತ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅಂಬಾಸಡರ್, ಪದ್ಮಿನಿ ಕಾಲದವರಿಗೆ ಈ ಟಕಟಕ ಗೊತ್ತಿರಲಿಲ್ಲ. ಆ ಗಾಡಿಗಳನ್ನು ತಳ್ಳುತ್ತಿದ್ದದ್ದು ಹಿಂದಿನ ಚಕ್ರ. ಎಂಜಿನ್ನಿನಿಂದ ಹಿಂದಿನವರೆಗೆ ಉದ್ದನೆಯ ಶಾಫ್ಟು, ಅದರ ತುದಿಯಲ್ಲಿ ಕ್ರಾಸ್ ಅನ್ನುವ ಕೀಲು. ಕ್ರಾಸ್ ಸವೆದರೆ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹೊಟ್ಟೆಯ ಕೆಳಗೆ ಟಂಗ್ ಅನ್ನುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅಲ್ಲಿಂದ ನಮ್ಮ ಮಧ್ಯಮ ವರ್ಗದ ಗಾಡಿಯನ್ನು ಮುಂದಿನ ಚಕ್ರ ಎಳೆಯತೊಡಗಿತು. ಎಳೆಯುವ ಚಕ್ರವೇ ತಿರುಗಲೂ ಬೇಕು. ತಿರುಗಿದಾಗಲೂ ಶಕ್ತಿ ಒಂದೇ ಸಮ ಹರಿಯಬೇಕು. ಆ ಕೆಲಸ ಮಾಡುವುದೇ ಸಿ.ವಿ. ಜಾಯಿಂಟ್. ಬಟ್ಟಲಿನೊಳಗೆ ಆರು ಗುಂಡು ಕೂತು ಬಾಗಿದ ಹಾದಿಯಲ್ಲಿ ಓಡಾಡುವ ಈ ಏರ್ಪಾಡನ್ನು 1920ರ ದಶಕದಲ್ಲಿ ಆಲ್ಫ್ರೆಡ್ ಜೆಪ್ಪಾ ಎಂಬ ಎಂಜಿನಿಯರ್ ರೂಪಿಸಿದ. ಇವತ್ತಿಗೂ ಬಹುಪಾಲು ಅದೇ. ಅದನ್ನು ಕಾಯುವುದು ಒಂದು ರಬ್ಬರ್ ಬೂಟ್. ಬೂಟು ಹರಿದರೆ ಗ್ರೀಸ್ ಹಾರಿ ಚಕ್ರದ ಒಳಮೈಗೆಲ್ಲ ಕಪ್ಪು ಚುಕ್ಕೆ ಬೀಳುತ್ತದೆ, ಒಳಗೆ ಧೂಳು ಹೋಗುತ್ತದೆ. ಸದ್ದು ಬರುವ ಎಷ್ಟೋ ಮುಂಚೆ ಆ ಚುಕ್ಕೆ ಕಾಣಿಸುತ್ತದೆ. ಬಗ್ಗಿ ನೋಡುವವರು ಯಾರು?

ನನ್ನ ಬೂಟುಗಳು ನೆಟ್ಟಗಿದ್ದವು. ಆದರೆ ಸಿಗ್ನಲ್ಲಿನಲ್ಲಿ ಕ್ಲಚ್ ಬಿಟ್ಟಾಗ ದುಡುಕ್ ಅನ್ನುತ್ತಿದ್ದ ಇನ್ನೊಂದು ಸದ್ದಿತ್ತು. ಅದು ಎಂಜಿನ್ ಮೌಂಟಿಂಗ್. ರಬ್ಬರ್ ಸೀಳಿ ಎಂಜಿನ್ ತನ್ನ ಜಾಗದಲ್ಲಿ ಮಗುಚಿಕೊಳ್ಳಲು ನೋಡುತ್ತಿತ್ತು. ಬಾನೆಟ್ ತೆಗೆದು, ಕೈಬ್ರೇಕ್ ಹಾಕಿ, ಇನ್ನೊಬ್ಬರಿಂದ ಒಂದಿಷ್ಟೇ ಕ್ಲಚ್ ಬಿಡಿಸಿ ಪಕ್ಕದಿಂದ ನೋಡಿದರೆ ಎಂಜಿನ್ ಜಿಗಿಯುವುದು ಕಣ್ಣಿಗೇ ಕಾಣುತ್ತದೆ. ಭಾಯ್ ಅರ್ಧ ದಿನದಲ್ಲಿ ಬದಲಿಸಿದರು. ಆ ಕತೆ ಅಷ್ಟೇ.

ಗುಂಯ್ ಮಾತ್ರ ಉಳಿಯಿತು.

ಈ ಹೊತ್ತಿಗೆ ನಾನು ಡೈರಿಯಲ್ಲಿ ಸದ್ದುಗಳನ್ನು ಬರೆದುಕೊಳ್ಳಲು ಶುರು ಮಾಡಿದ್ದೆ. ಬರೆಯುವಾಗ ಒಂದು ವಿಷಯ ನೋಡಿ ಖುಷಿಯಾಯಿತು. ಸದ್ದಿನ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಅವುಗಳಲ್ಲಿ ಒಂದು ಲೆಕ್ಕಾಚಾರವೂ ಇದೆ. ಕಿಟಿಕಿಟಿ, ಕಟಕಟ, ಕುಟುಕುಟು. ಮೂರನ್ನೂ ಬಾಯಲ್ಲಿ ಆಡಿ ನೋಡಿ. 'ಇ' ಬಂದರೆ ಸದ್ದು ಸಣ್ಣದು, ತೆಳು, ಮೇಲಿನ ಸ್ವರ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನದು. 'ಅ' ಬಂದರೆ ಗಟ್ಟಿ, ಒಣ ಸದ್ದು, ಲೋಹಕ್ಕೆ ಲೋಹ ತಾಗಿದ್ದು. 'ಉ', 'ಒ' ಬಂದರೆ ದಪ್ಪ, ಒಳಗೆ ಟೊಳ್ಳು, ದೂರದ್ದು. ಗಿರಗಿರ ಅಂದರೆ ಹಗುರಾಗಿ ಸುತ್ತುವುದು. ಗರಗರ ಅಂದರೆ ಮರಳು ಸಿಕ್ಕಿಕೊಂಡಿದೆ. ಗೊರಗೊರ ಅಂದರೆ ಗಂಟಲಲ್ಲಿ ಏನೋ ಇದೆ. ಒಂದೇ ಒಂದು ಸ್ವರಾಕ್ಷರ ಬದಲಿಸಿ ನಮ್ಮ ಹಿರಿಯರು ಸದ್ದಿನ ಎತ್ತರ, ದಪ್ಪ, ಒರಟುತನ ಎಲ್ಲ ಹೇಳಿಬಿಡುತ್ತಿದ್ದರು. ಗಾಡಿಯ ಮ್ಯಾನುಯಲ್ಲಿನಲ್ಲಿ ಇದೆಲ್ಲಕ್ಕೂ ಸೇರಿಸಿ ಇರುವುದು ಒಂದೇ ಮಾತು, ಅಸಹಜ ಶಬ್ದ.

ಭಾಯ್ ಹತ್ತಿರ ಕನ್ನಡ, ಉರ್ದು, ತಮಿಳು ಮೂರೂ ಕಲಸಿದ ಭಾಷೆ ಇದೆ. ಆದರೆ ಗರಗರ ಅಂದರೆ ಅವರಿಗೆ ತಕ್ಷಣ ತಿಳಿಯುತ್ತದೆ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದು ಮಾತ್ರ ತಿಳಿಯಲಿಲ್ಲ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ದಪ್ಪ ಸದ್ದನ್ನು ಹೊರಡಿಸುವ ಶಕ್ತಿ ಇಲ್ಲ. ಅದರಲ್ಲಿ ಕೇಳಿಸಿದ್ದು ನನ್ನ ಉಸಿರಾಟ ಮಾತ್ರ.

ಮುಂದಿನ ಸುತ್ತು ತಿರುವಿನ ಪರೀಕ್ಷೆ. ನೈಸ್ ರಸ್ತೆಯಲ್ಲಿ ಉದ್ದುದ್ದ ತಿರುವುಗಳಿವೆ. ಗಾಡಿ ಎಡಕ್ಕೆ ತಿರುಗುವಾಗ ಮೈಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ, ಬಲಕ್ಕೆ ತಿರುಗುವಾಗ ಎಡಗಡೆ ಚಕ್ರಗಳ ಮೇಲೆ. ಬಸ್ಸಿನಲ್ಲಿ ನಿಂತು ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರಿಂಗ್ ಹೋಗಿದ್ದರೆ ಭಾರ ಬಿದ್ದಾಗ ಸಾಮಾನ್ಯವಾಗಿ ಸದ್ದು ಏರುತ್ತದೆ. ನನ್ನ ಗುಂಯ್ ರಸ್ತೆ ಬಲಕ್ಕೆ ಬಾಗಿದಾಗಲೆಲ್ಲ ಏರಿತು, ಎಡಕ್ಕೆ ಬಾಗಿದಾಗ ಇಳಿಯಿತು. ಒಂದು ಸಲ ಅಲ್ಲ, ನಾಲ್ಕು ಸಲ ನೋಡಿದೆ. ಟೋಲಿಗೆ ಕೊಟ್ಟ ದುಡ್ಡು ವಸೂಲಾಯಿತು ಅಂದುಕೊಂಡೆ.

ಎಡಗಡೆ. ಇಷ್ಟು ಖಚಿತವಾಯಿತು. ಭಾಯ್ ಒಂದು ಸುತ್ತು ಓಡಿಸಿ ನೋಡಿ, "ಮುಂದಿನ ಎಡಗಡೆ ಬೇರಿಂಗ್ ಸಾರ್" ಅಂದರು. ನನಗೂ ಮುಂದಿನಿಂದಲೇ ಬಂದ ಹಾಗೆ ಕೇಳಿಸುತ್ತಿತ್ತು. ಇಬ್ಬರೂ ಒಪ್ಪಿದ ಮೇಲೆ ಇನ್ನೇನು?

ಜೆ.ಸಿ. ರಸ್ತೆಗೆ ಹೋಗಿ ಬೇರಿಂಗ್ ತಂದೆ. ಅಲ್ಲಿಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಗಾಡಿಯ ಹೆಸರು ಹೇಳುವವನಿಗಿಂತ ಬೇರಿಂಗಿನ ನಂಬರ್ ಹೇಳುವವನಿಗೆ ಮರ್ಯಾದೆ ಜಾಸ್ತಿ. ಬೇರಿಂಗಿನ ಬಳೆಯ ಮೇಲೆ ನಂಬರ್ ಕೊರೆದಿರುತ್ತದೆ. ಸಾಮಾನ್ಯ ಬಾಲ್ ಬೇರಿಂಗ್ ಒಂದರ ಮೇಲೆ 6205 ಅಂತ ಇದೆ ಅನ್ನಿ. ಕೊನೆಯ 05ನ್ನು ಐದರಿಂದ ಗುಣಿಸಿದರೆ 25. ಒಳತೂತಿನ ಅಗಲ 25 ಮಿಲಿಮೀಟರ್. ಇದನ್ನು ನನಗೆ ಹೇಳಿಕೊಟ್ಟಿದ್ದು ಕೌಂಟರಿನ ಹಿಂದೆ ಕೂತಿದ್ದ ಮುದುಕರು. ಹೇಳುವಾಗ ಮಗ್ಗಿ ಒಪ್ಪಿಸುವ ಮಗುವಿನ ಸಂತೋಷ ಅವರ ಮುಖದಲ್ಲಿತ್ತು.

ಬೇರಿಂಗ್ ಕೂರಿಸಲು ಹೈಡ್ರಾಲಿಕ್ ಪ್ರೆಸ್ಸೇ ಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಗುಂಡುಗಳು ಹಾದಿಯ ಮೇಲೆ ಕಣ್ಣಿಗೆ ಕಾಣದ ಗುಳಿ ಒತ್ತುತ್ತವೆ. ಹೊಸ ಬೇರಿಂಗು ಹುಟ್ಟುವಾಗಲೇ ರೋಗ ಅಂಟಿಸಿಕೊಳ್ಳುತ್ತದೆ. ಭಾಯ್ ಈ ವಿಷಯದಲ್ಲಿ ಕಟ್ಟುನಿಟ್ಟು. ಪಕ್ಕದ ಬೀದಿಯ ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸಿದರು. ಹಳೇ ಬೇರಿಂಗನ್ನು ನನ್ನ ಕೈಗಿಟ್ಟರು. ಬೆರಳಲ್ಲಿ ತಿರುಗಿಸಿದೆ. ಬೆಣ್ಣೆಯ ಹಾಗೆ ತಿರುಗಿತು. ಆಗಲೇ ನನಗೆ ಎದೆ ಝಲ್ ಅಂತು. ಕೆಟ್ಟ ಬೇರಿಂಗ್ ಹಾಗೆ ತಿರುಗುವುದಿಲ್ಲ.

ಲಾಲ್‌ಬಾಗ್ ರಸ್ತೆಗೆ ಬರುವ ಮುಂಚೆಯೇ ಗೊತ್ತಾಯಿತು. ಗುಂಯ್ ಹಾಗೇ ಇದೆ.

ಭಾಯ್ ಮೇಲೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಆದರೆ ನಾನೂ ಅದೇ ತಪ್ಪು ಮಾಡಿದ್ದೆ. ಯಾಕೆ ಮಾಡಿದೆ ಅಂತ ಆ ರಾತ್ರಿ ಯೋಚಿಸಿದೆ. ಸದ್ದು ಯಾವ ಕಡೆಯಿಂದ ಬಂತು ಅನ್ನುವುದನ್ನು ನಮ್ಮ ಕಿವಿಗಳು ಎರಡು ಗುರುತಿನಿಂದ ಹಿಡಿಯುತ್ತವೆ. ಯಾವ ಕಿವಿಗೆ ಮೊದಲು ತಲುಪಿತು, ಯಾವ ಕಿವಿಗೆ ಜೋರಾಗಿ ತಲುಪಿತು. ಮೊದಲು ಅಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಮ್ಮಿ ವ್ಯತ್ಯಾಸ. ತೆಳ್ಳಗಿನ ಕಿಚಕಿಚಕ್ಕೆ ಜೋರಿನ ಗುರುತು ಚೆನ್ನಾಗಿ ನಡೆಯುತ್ತದೆ. ದಪ್ಪ ಗುಂಯ್‌ಗೆ ಅಷ್ಟಾಗಿ ನಡೆಯುವುದಿಲ್ಲ. ಅದು ತಲೆಯನ್ನು ಬಳಸಿಕೊಂಡು ಎರಡೂ ಕಿವಿಗೆ ಒಂದೇ ಜೋರಿನಲ್ಲಿ ಬರುತ್ತದೆ. ಮುಚ್ಚಿದ ಗಾಡಿಯ ಒಳಗೆ ಗಾಜಿಗೆ ಬಡಿದು ಸುತ್ತುತ್ತದೆ. ಅದಕ್ಕೂ ಮುಂಚೆ ಗಾಡಿಯ ತಗಡಿನೊಳಗೇ ಓಡಿ, ಎಲ್ಲೋ ಹುಟ್ಟಿದ್ದು ಇನ್ನೆಲ್ಲೋ ಹೊರಗೆ ಬೀಳುತ್ತದೆ. ಮೇಲಾಗಿ ಸದ್ದು ಅಂದರೆ ಎಂಜಿನ್ ಕಡೆಯಿಂದಲೇ ಬರಬೇಕು ಅನ್ನುವ ನಂಬಿಕೆ ನಮ್ಮದು. ಓಡಿಸುವವನ ಮುಖ ಮುಂದಕ್ಕೆ ಇರುತ್ತದೆ, ಅನುಮಾನವೂ ಮುಂದಕ್ಕೇ ಹೋಗುತ್ತದೆ. ನಾನೂ ಭಾಯ್ ಇಬ್ಬರೂ ಕೂತು ಕೇಳಿದ್ದು ಮುಂದಿನ ಸೀಟಿನಲ್ಲೇ.

ಹಿಂದಿನ ಸೀಟಿನಲ್ಲಿ ಎಡಗಡೆ ಕೂತು ಬಂದಿದ್ದವಳು ಒಬ್ಬಳೇ.

ಆಗ ನೆನಪಾಯಿತು, ನನ್ ಕಾಲ್ ಕೆಳಗೆ ಬತ್ತದೆ ಕಣಪ್ಪ. ರಾತ್ರಿ ಹನ್ನೊಂದಕ್ಕೆ ಅಮ್ಮನನ್ನು ಎಬ್ಬಿಸಿ ಕೇಳುವ ಹಾಗಿರಲಿಲ್ಲ. ಬೆಳಗ್ಗೆ ಕಾಫಿ ಜತೆ ಕೇಳಿದೆ. "ಬರೀ ಕಲ್ಲು ಬೀಸಿದಂಗೆ ಅಂದ್ರೆ ಏನಮ್ಮಾ?"

ಅಮ್ಮ ಮಾಗಡಿ ಕಡೆಯವಳು. ಮದುವೆಯಾಗುವ ತನಕ ದಿನಾ ಬೆಳಗಿನ ಜಾವ ರಾಗಿ ಬೀಸಿದವಳು. ಬೀಸುವ ಕಲ್ಲಿನ ಬಾಯಿಗೆ ರಾಗಿ ಹಾಕುತ್ತಾ ಇದ್ದರೆ ಕಲ್ಲು ಒಂದು ಥರ ಮೆತ್ತಗೆ, ತುಂಬಿಕೊಂಡು ಸದ್ದು ಮಾಡುತ್ತದಂತೆ. ನಿದ್ದೆಗಣ್ಣಲ್ಲಿ ಕೈ ತಿರುಗುತ್ತಲೇ ಇದ್ದು ರಾಗಿ ಹಾಕುವುದು ಮರೆತರೆ ಸದ್ದು ಬದಲಾಗಿಬಿಡುತ್ತದೆ. ಕಲ್ಲಿಗೆ ಕಲ್ಲು ತಾಗುತ್ತದೆ. ಒಳಗೆ ಮಲಗಿದ್ದ ಅಜ್ಜಿ ಅಲ್ಲಿಂದಲೇ ಕೂಗುತ್ತಿದ್ದಳಂತೆ, "ಯಾಕೆ ಬರೀ ಕಲ್ಲು ಬೀಸ್ತಿದ್ದೀಯಾ, ಹಿಟ್ಟಿಗೆ ಮರಳು ಬೀಳ್ತದೆ" ಅಂತ.

ಬೇರಿಂಗ್ ಅಂದರೆ ಮತ್ತೇನು? ಒಂದರೊಳಗೊಂದು ಕೂತ ಎರಡು ಉಕ್ಕಿನ ಬಳೆ, ನಡುವೆ ಗುಂಡುಗಳು. ಗುಂಡು ಓಡುವ ಹಾದಿ ಕನ್ನಡಿಯ ಹಾಗೆ ನಯ. ಲೋಹಕ್ಕೂ ಲೋಹಕ್ಕೂ ನಡುವೆ ಗ್ರೀಸಿನ ತೆಳು ಪೊರೆ. ಆ ಪೊರೆ ಇರುವ ತನಕ ಸದ್ದಿಲ್ಲ. ಪೊರೆ ಹೋದರೆ ಹಾದಿಯ ಮೇಲೆ ಸಣ್ಣ ಸಣ್ಣ ಗುಳಿ ಏಳುತ್ತವೆ. ಪ್ರತಿ ಗುಂಡೂ ಪ್ರತಿ ಗುಳಿಯನ್ನೂ ಹಾರಿಕೊಂಡು ಹೋಗಬೇಕು. ನನ್ನ ಗಾಡಿಯ ಚಕ್ರದ ಸುತ್ತಳತೆ ಒಂದೂ ಮುಕ್ಕಾಲು ಮೀಟರಿಗೆ ಸ್ವಲ್ಪ ಕಮ್ಮಿ. 60ರ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 10 ಸುತ್ತು ಹಾಕುತ್ತದೆ. ಒಂದೊಂದು ಸುತ್ತಿನಲ್ಲೂ ಹಲವು ಗುಂಡು ಹಾರಿದರೆ ಒಂದೊಂದೇ ಟಕ್ ಕೇಳಿಸುವುದಿಲ್ಲ, ಎಲ್ಲ ಸೇರಿ ಗುಂಯ್ ಆಗುತ್ತದೆ. ನಾನು ಗುಂಯ್ ಅಂತ ಬರೆದುಕೊಂಡಿದ್ದೆ. ಅಮ್ಮ ಆ ಗುಂಯ್ ಒಳಗಿದ್ದ ಕಲ್ಲನ್ನು ಕೇಳಿಸಿಕೊಂಡಿದ್ದಳು.

ಆ ಬೆಳಗ್ಗೆಯೇ ಗಾಡಿ ಎತ್ತಿದೆ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಇಟ್ಟಿಗೆ ಕೊಟ್ಟು, ಮೊದಲನೇ ಗೇರ್ ಹಾಕಿ, ಕೈಬ್ರೇಕ್ ಬಿಟ್ಟು, ಹಿಂದಿನ ಎಡ ಚಕ್ರಕ್ಕೆ ಜಾಕಿ ಕೊಟ್ಟೆ. ಜಾಕಿಯನ್ನು ನಂಬಬಾರದು, ಕೆಳಗೆ ಸ್ಟ್ಯಾಂಡ್ ಇಟ್ಟೆ. ಚಕ್ರವನ್ನು ಕೈಯಲ್ಲಿ ಸುತ್ತಿಸಿದೆ. ಸರ್ ಸರ್ ಅಂತು, ಅದು ಬ್ರೇಕ್ ಶೂ ಡ್ರಮ್ಮಿಗೆ ತಾಗುವ ಸದ್ದು. ಬೇರೆ ಏನೂ ಕೇಳಿಸಲಿಲ್ಲ. ಇಲ್ಲೇ ಬಹಳ ಜನ ಮೋಸ ಹೋಗುವುದು. ಗಾಡಿಯ ಭಾರ ಇಲ್ಲದಿದ್ದರೆ ಬೇರಿಂಗ್ ಬಾಯಿ ಬಿಡುವುದು ಕಷ್ಟ. ಆಮೇಲೆ ಭಾಯ್ ಒಮ್ಮೆ ತೋರಿಸಿದ್ದ ಉಪಾಯ ನೆನಪಾಯಿತು. ಒಂದು ಕೈಯಲ್ಲಿ ಚಕ್ರ ಸುತ್ತಿಸುತ್ತಾ ಇನ್ನೊಂದು ಕೈಯ ಬೆರಳನ್ನು ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಇಟ್ಟೆ. ಸ್ಪ್ರಿಂಗ್ ಒಳಗೆ ಇರುವೆ ಸಾಲು ಹರಿದ ಹಾಗೆ ಜುಮು ಜುಮು. ಬಲಗಡೆ ಚಕ್ರವನ್ನೂ ಹಾಗೇ ಎತ್ತಿ ನೋಡಿದೆ. ಅಲ್ಲಿ ಸ್ಪ್ರಿಂಗ್ ಸುಮ್ಮನಿತ್ತು.

ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಕರೆದು ಬೆರಳಿಡಿಸಿದೆ. "ಹೂಂ, ಇದೇಯ" ಅಂದು ಎದ್ದು ಒಳಗೆ ಹೋದಳು.

ನನ್ನ ಗಾಡಿಯಲ್ಲಿ ಹಿಂದಿನ ಬೇರಿಂಗುಗಳು ಬ್ರೇಕ್ ಡ್ರಮ್ಮಿನ ಒಳಗೇ ಕೂತಿರುತ್ತವೆ, ಎರಡು. ಭಾಯ್ ಡ್ರಮ್ ಬಿಚ್ಚಿದಾಗ ಒಳಗಿನ ಗ್ರೀಸ್ ಜೇನಿನ ಬಣ್ಣ ಬಿಟ್ಟು ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ. ಎಲ್ಲಿಂದ ಬಂತು ಅಂತ ಇಬ್ಬರೂ ತಲೆ ಕೆರೆದುಕೊಂಡೆವು. ಆಮೇಲೆ ಹೊಳೆಯಿತು, 2022ರ ಸೆಪ್ಟೆಂಬರಿನ ಮಳೆ. ಬೆಂಗಳೂರಿನ ಅರ್ಧ ಊರು ಕೆರೆಯಾಗಿತ್ತಲ್ಲ, ಆಗ. ನಮ್ಮ ಬೀದಿ ತಗ್ಗಿನಲ್ಲಿದೆ. ಆಫೀಸಿನಿಂದ ಬಂದು ನಿಲ್ಲಿಸಿದ ಗಾಡಿ ರಾತ್ರಿಯಿಡೀ ಚಕ್ರದ ಅರ್ಧದ ತನಕ ನೀರಲ್ಲಿ ನಿಂತಿತ್ತು. ಹಿಂದಿನ ಎಡ ಚಕ್ರ ಚರಂಡಿ ಕಡೆಗೆ, ಉಳಿದವಕ್ಕಿಂತ ನಾಲ್ಕು ಬೆರಳು ಕೆಳಗೆ. ಓಡಿ ಬಿಸಿಯಾದ ಬೇರಿಂಗ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಹಳೇ ಸೀಲ್ ಎಷ್ಟು ತಡೆಯುತ್ತದೆ. ಮಾರನೇ ದಿನ ಎಂಜಿನ್ ಸ್ಟಾರ್ಟ್ ಆಯಿತು, ಸೀಟು ಒದ್ದೆಯಾಗಿರಲಿಲ್ಲ, ಬಚಾವಾದೆ ಅಂದುಕೊಂಡಿದ್ದೆ. ಎಂಟು ತಿಂಗಳು ಅದು ಒಳಗೇ ತುಕ್ಕು ಹಿಡಿಯುತ್ತಾ ಕೂತಿತ್ತು.

ಎರಡೂ ಬೇರಿಂಗ್ ಬದಲಾದವು. ಭಾಯ್ ಕೂಲಿ ತೆಗೆದುಕೊಳ್ಳಲಿಲ್ಲ. ನಾನು ಒತ್ತಾಯ ಮಾಡಿದೆ, ಅವರು ಬಯ್ದರು. ಹೊಸ ಬೇರಿಂಗಿನಲ್ಲಿ ಗಾಡಿ ಎಷ್ಟು ಸುಮ್ಮನಾಯಿತು ಅಂದರೆ ಕನಕಪುರ ರಸ್ತೆಯಲ್ಲಿ ಅಮ್ಮ ಹಿಂದೆ ಗೊರಕೆ ಹೊಡೆಯುವುದು ಕೇಳಿಸಿತು.

ತೆಗೆದ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿಟಕಿಯ ಮೇಲೆ ಇಟ್ಟಿದ್ದೆ. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗ ನೋಡಿ ಏನು ಅಂತ ಕೇಳಿದ. ನಾವು ಚಿಕ್ಕವರಿದ್ದಾಗ ಗ್ಯಾರೇಜುಗಳ ಮುಂದೆ ನಿಂತು, ಅಣ್ಣಾ ಅಣ್ಣಾ ಅಂತ ಗೋಗರೆದು ಹಳೇ ಬೇರಿಂಗ್ ತರುತ್ತಿದ್ದದ್ದನ್ನು ಹೇಳಿದೆ. ಹಲಗೆಗೆ ಕಟ್ಟಿ ಬೇರಿಂಗ್ ಗಾಡಿ ಮಾಡಿಕೊಂಡು ಬಸವನಗುಡಿಯ ಇಳಿಜಾರಿನಲ್ಲಿ ಬಿಡುತ್ತಿದ್ದದ್ದನ್ನೂ ಹೇಳಿದೆ. ಅವನ ಕಣ್ಣು ಅರಳಿತು. ಎರಡನ್ನೂ ಕೊಟ್ಟೆ. ಮಾರನೇ ದಿನ ವಾಪಸ್ ಬಂದ.

"ಅಂಕಲ್, ಮೂರಿದ್ರೆ ಗಾಡಿ ಆಗುತ್ತೆ. ಹಿಂದೆ ಎರಡು, ಮುಂದೆ ಒಂದು."

ಡಿಕ್ಕಿ ತೆಗೆದೆ. ಮುಂದಿನ ಎಡಗಡೆಯಿಂದ ಸುಮ್ನೆ ಕಿತ್ತು ಹಾಕಿಸಿದ ಬೇರಿಂಗ್ ಸ್ಟೆಪ್ನಿ ಪಕ್ಕ ಬಟ್ಟೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ಉಳಿದೆರಡಕ್ಕಿಂತ ಸ್ವಲ್ಪ ದೊಡ್ಡದು. "ಇದು ಚೆನ್ನಾಗಿದೆ ಕಣೋ, ಮುಂದಕ್ಕೆ ಹಾಕ್ಕೋ" ಅಂತ ಕೊಟ್ಟೆ.

ಈಗ ಶನಿವಾರ ಮಧ್ಯಾಹ್ನ ಬೀದಿಯಲ್ಲಿ ಆ ಗಾಡಿ ಓಡುತ್ತದೆ. ಗರಗರಗರ ಅಂತ ಬೀದಿಯೆಲ್ಲ ಎದ್ದು ಕೂರುವಷ್ಟು ಸದ್ದು. ಅಮ್ಮ ಮೆಟ್ಟಿಲ ಮೇಲೆ ಕೂತು ಕೇಳುತ್ತಾಳೆ. "ಹಿಂದ್ಗಡೆ ಎಡಗಡೇದು ಕಣೋ ಜಾಸ್ತಿ" ಅನ್ನುತ್ತಾಳೆ ಹುಡುಗನಿಗೆ.